ಮನಸ್ಸಿನ ಭಾರ ಮಟ್ಟಿಗೆ ಇಳಿಯುವುದು ಹೇಗೆ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945) ಚಾಮುಂಡೇಶ್ವರಿಯ ಮೇಲೆ 108 ಅಷ್ಟೋತ್ತರ ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ದೇವಿ ಒಬ್ಬಳೇ, ವಾಗ್ಗೇಯಕಾರರೂ ಒಬ್ಬರೇ. ಆದರೆ ರಾಗಗಳು ಹಲವು, ನಡೆಗಳು ಹಲವು. ಇಷ್ಟು ದೊಡ್ಡ ಕೆಲಸ ಮುಗಿಯುವಷ್ಟು ಕಾಲ ಯಾರ ಮನಸ್ಸೂ ಒಂದೇ ಹದದಲ್ಲಿ ಇರುವುದಿಲ್ಲ. ಜ್ವರ ಬಂದಿರುತ್ತದೆ, ಮನೆಯಲ್ಲಿ ಯಾರಿಗೋ ಕಾಯಿಲೆಯಾಗಿರುತ್ತದೆ, ಒಂದು ದಿನ ಕಾರಣವಿಲ್ಲದೆ ಉತ್ಸಾಹ ಉಕ್ಕಿರುತ್ತದೆ. ಹಾಗಾದರೆ ಆಯಾ ದಿನದ ಮನಸ್ಸು ಆಯಾ ದಿನದ ಕೃತಿಗೆ ಎಷ್ಟು ಇಳಿಯಿತು, ಯಾವ ದಾರಿಯಿಂದ ಇಳಿಯಿತು?

ಮಟ್ಟು, ಎಂದರೆ ಹಾಡಿನ ಧಾಟಿ, ಕಟ್ಟುವ ಎಲ್ಲರಿಗೂ ಈ ಪ್ರಶ್ನೆ ಎದುರಾಗುತ್ತದೆ. ಮೈಸೂರಿನ ಸರಸ್ವತಿಪುರದ ಮನೆಯಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಭಾವಗೀತೆಗೆ ರಾಗ ಹಾಕುವವರಿಗೂ, ಮಂಡ್ಯದ ನಾಟಕ ತಂಡಕ್ಕೆ ರಂಗಗೀತೆ ಹೊಂದಿಸುವವರಿಗೂ, ವರ್ಣವೆಂಬ ಅಭ್ಯಾಸದ ಕೃತಿ ಬರೆಯಲು ಕೂತ ವಿದ್ಯಾರ್ಥಿಗೂ ಇದು ಒಂದೇ. ಸಾಮಾನ್ಯವಾಗಿ ಸಿಗುವ ಉತ್ತರ, 'ದುಃಖದಲ್ಲಿದ್ದರೆ ದುಃಖದ ಹಾಡು ಬರುತ್ತದೆ' ಎಂಬುದು. ಅದು ಅರ್ಧ ಮಾತ್ರ ನಿಜ. ಬೀಥೋವನ್ ತನ್ನ ಕಿವುಡುತನದ ಹತಾಶೆಯನ್ನು ತೋಡಿಕೊಂಡು ತಮ್ಮಂದಿರಿಗೆ ಪತ್ರ ಬರೆದದ್ದು 1802ರ ಅಕ್ಟೋಬರ್‌ನಲ್ಲಿ, ವಿಯೆನ್ನಾದ ಬಳಿಯ ಹೈಲಿಗೆನ್‌ಸ್ಟಾಟ್‌ನಲ್ಲಿ. ಸಾಯುವ ಯೋಚನೆ ಬಂದಿತ್ತು, ಕಲೆಯೊಂದೇ ತಡೆದು ನಿಲ್ಲಿಸಿತು ಎಂದು ಅದರಲ್ಲಿದೆ. ಅದೇ ದಿನಗಳಲ್ಲಿ ಅವನ ಕೈಯಲ್ಲಿದ್ದದ್ದು ಎರಡನೆಯ ಸಿಂಫನಿ. ಅದು ಬೆಳಕು, ಚುರುಕು ತುಂಬಿದ ಕೃತಿ. ಪತ್ರವನ್ನು ಬದಿಗಿಟ್ಟು ಸಿಂಫನಿಯನ್ನಷ್ಟೇ ಕೇಳಿದರೆ ಆ ಹತಾಶೆಯನ್ನು ಯಾರೂ ಊಹಿಸಲಾರರು.

ಇಲ್ಲಿ ಬೆರೆತುಹೋಗಿರುವ ಎರಡು ಸಂಗತಿಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ಕೂತು ಕಟ್ಟುವ ಹೊತ್ತಿನಲ್ಲಿ ಮನಸ್ಸು ಇರುವ ಸ್ಥಿತಿ ಒಂದು. ಹಾಡಿನಲ್ಲಿ ಹೇಳಹೊರಟ ಭಾವ ಇನ್ನೊಂದು. ನಮ್ಮ ಅಲಂಕಾರಶಾಸ್ತ್ರಕ್ಕೆ ಈ ವ್ಯತ್ಯಾಸ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಕ್ರೌಂಚ ಪಕ್ಷಿಯ ಜೋಡಿ ಅಗಲಿದ್ದನ್ನು ಕಂಡು ವಾಲ್ಮೀಕಿಯ ಶೋಕ ಶ್ಲೋಕವಾಯಿತು ಎಂಬ ಮಾತನ್ನು ವಿವರಿಸುವಾಗ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ, ಇದು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದು ಎನ್ನುತ್ತಾನೆ. ಸ್ವಂತ ದುಃಖದಲ್ಲೇ ಅವನು ಬೇಯುತ್ತಿದ್ದರೆ ಅಲ್ಲಿ ರಸಕ್ಕೆ ಎಡೆಯೇ ಇರುತ್ತಿರಲಿಲ್ಲ ಎಂಬುದು ಅವನ ವಾದ. ಶೋಕ ಲೌಕಿಕವಾದದ್ದು, ಕರುಣ ರಸ ಅದು ಹಣ್ಣಾದ ಮೇಲಿನದು. ಇದನ್ನು ಬರೀ ತತ್ತ್ವವೆಂದು ತಳ್ಳಿಹಾಕುವಂತಿಲ್ಲ. ಮಟ್ಟು ಕಟ್ಟುವವರ ದಿನಚರಿಯನ್ನೇ ನಿರ್ಧರಿಸುವ ಮಾತು ಇದು.

ಮೊದಲು ಮೈ, ಆಮೇಲೆ ರಾಗ

ಮನಸ್ಸಿನ ಸ್ಥಿತಿ ಸಂಗೀತಕ್ಕೆ ಬರುವುದು ಮೈಯ ಮೂಲಕ. ಚಾಮುಂಡಿ ಬೆಟ್ಟದ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದ ತಕ್ಷಣ ತೊಡೆಯ ಮೇಲೆ ಎಂಟು ಎಣಿಕೆಯ ಆದಿತಾಳ ಹಾಕಿ ನೋಡಿ. ಅರ್ಧ ಗಂಟೆ ಕೂತು ಸುಧಾರಿಸಿಕೊಂಡು ಮತ್ತೆ ಹಾಕಿ. ಎರಡು ಸಲವೂ 'ಮಧ್ಯಮ ಕಾಲ' ಎಂದೇ ಹಾಕಿರುತ್ತೀರಿ, ಆದರೆ ಮೊದಲನೆಯದು ಬೇಗ ಓಡಿರುತ್ತದೆ. ಎದೆಬಡಿತ ಏರಿದಾಗ ನಮಗೆ ಸಹಜವೆನಿಸುವ ಕಾಲಪ್ರಮಾಣವೂ, ಎಂದರೆ ಹಾಡಿನ ವೇಗವೂ, ಏರುತ್ತದೆ. ಸಿಟ್ಟು, ಭಯ, ಸಂಭ್ರಮಗಳು ಮೆಟ್ಟಿಲು ಹತ್ತಿದಂತೆಯೇ ಮೈಯನ್ನು ಓಡಿಸುತ್ತವೆ. ದುಃಖ, ಬೇಸರ, ದಣಿವುಗಳು ಎಳೆಯುತ್ತವೆ.

ಮನಶ್ಶಾಸ್ತ್ರಜ್ಞ ಜೇಮ್ಸ್ ರಸೆಲ್ 1980ರಲ್ಲಿ ಭಾವಗಳನ್ನು ಎರಡು ಗೆರೆಗಳ ಮೇಲೆ ಇಟ್ಟು ತೋರಿಸಿದರು. ಒಂದು ಗೆರೆ ಹಿತದಿಂದ ಅಹಿತಕ್ಕೆ, ಇನ್ನೊಂದು ಜಡದಿಂದ ಚುರುಕಿಗೆ. ಹಿತವೂ ಚುರುಕೂ ಸೇರಿದರೆ ಸಂಭ್ರಮ, ಅಹಿತವೂ ಚುರುಕೂ ಸೇರಿದರೆ ಸಿಟ್ಟು ಅಥವಾ ದಿಗಿಲು, ಅಹಿತವೂ ಜಡವೂ ಸೇರಿದರೆ ದುಃಖ, ಹಿತವೂ ಜಡವೂ ಸೇರಿದರೆ ನೆಮ್ಮದಿ. ಮಟ್ಟು ಕಟ್ಟುವವರಿಗೆ ಈ ನಕ್ಷೆ ತುಂಬ ಉಪಯೋಗದ್ದು. ಜಡ–ಚುರುಕಿನ ಗೆರೆ ಹೆಚ್ಚಾಗಿ ಕಾಲಪ್ರಮಾಣ, ದನಿಯ ಗಾತ್ರ, ಸ್ಥಾಯಿಗಳಲ್ಲಿ (ದನಿಯ ಎತ್ತರದಲ್ಲಿ) ಕಾಣಿಸಿಕೊಳ್ಳುತ್ತದೆ. ಹಿತ–ಅಹಿತದ ಗೆರೆ ಹೆಚ್ಚಾಗಿ ಸ್ವರಸ್ಥಾನ, ಗಮಕ (ಸ್ವರವನ್ನು ತೂಗುವ, ಜಾರಿಸುವ ಬಗೆ), ಸಾಲು ಮುಗಿಯುವ ಜಾಗಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ತಾನಾಗಿಯೇ ಹಾಡಿಗೆ ಸೋರಿಬರುತ್ತದೆ, ಎರಡನೆಯದನ್ನು ಬಹುಪಾಲು ನಾವೇ ಆರಿಸುತ್ತೇವೆ.

ಗಂಟಲೂ ಹೀಗೆಯೇ. ಅಳು ಬರುವಾಗ 'ಗಂಟಲು ಕಟ್ಟಿತು' ಎನ್ನುತ್ತೇವಲ್ಲ, ಅದು ಬರೀ ಮಾತಿನ ಚೆಂದವಲ್ಲ. ಹೆಚ್ಚು ಗಾಳಿ ಒಳಗೆಳೆಯಲೆಂದು ದೇಹ ಧ್ವನಿನಾಳದ ಬಾಯನ್ನು ಅಗಲ ತೆರೆದು ಹಿಡಿಯುತ್ತದೆ. ಅದೇ ಹೊತ್ತಿಗೆ ಉಗುಳು ನುಂಗಲು ಅದು ಮುಚ್ಚಬೇಕಾಗುತ್ತದೆ. ಎರಡು ಎಳೆತಗಳ ನಡುವೆ ಸಿಕ್ಕ ಸ್ನಾಯು ಗಂಟಾದಂತೆ ಅನಿಸುತ್ತದೆ. ಆ ಸ್ಥಿತಿಯಲ್ಲಿ ಕೆಳಗಿನ ಮಂದ್ರ ಪಂಚಮವೂ ನಿಲ್ಲುವುದಿಲ್ಲ, ಮೇಲಿನ ತಾರ ಷಡ್ಜವೂ ಎಟಕುವುದಿಲ್ಲ. ಹಾಗಾಗಿ ಕಣ್ಣೀರಿನಲ್ಲಿ ಗುನುಗಿ ಕಟ್ಟಿದ ಮಟ್ಟು ಹೆಚ್ಚಾಗಿ ಮಧ್ಯ ಸ್ಥಾಯಿಯ ನಾಲ್ಕೈದು ಸ್ವರಗಳೊಳಗೇ ಸುತ್ತುತ್ತದೆ. ಕಟ್ಟಿದವರು ಅದನ್ನು 'ಭಾವಕ್ಕೆ ತಕ್ಕ ಆಯ್ಕೆ' ಎಂದುಕೊಂಡಿರುತ್ತಾರೆ. ಆರಿಸಿದ್ದು ಮಾತ್ರ ಗಂಟಲಿನ ಸ್ನಾಯು.

ಒಂದೇ ಸಾಲು, ಮೂರು ವೇಗ, ಎರಡು ಗಾಂಧಾರ

ಎಲ್ಲರ ಬಾಯಲ್ಲಿರುವ ಗಾದೆಯೊಂದನ್ನೇ ಪಲ್ಲವಿಯಾಗಿ ಇಟ್ಟುಕೊಳ್ಳೋಣ: 'ಮಳೆ ನಿಂತರೂ ಮರದ ಹನಿ ನಿಲ್ಲದು'. ಮಾತ್ರೆ ಎಣಿಸಿದರೆ ಮಳೆ 2, ನಿಂತರೂ 5, ಮರದ 3, ಹನಿ 2, ನಿಲ್ಲದು 4, ಒಟ್ಟು 16. ಆದಿತಾಳದ ಎಂಟು ಅಕ್ಷರಕ್ಕೆ (ತಾಳದ ಎಣಿಕೆಗೆ) ಎರಡೆರಡು ಮಾತ್ರೆಯಂತೆ ಒಂದು ಆವರ್ತಕ್ಕೆ, ತಾಳದ ಒಂದು ಸುತ್ತಿಗೆ, ಸರಿಯಾಗಿ ಕೂರುತ್ತದೆ. ಮೋಹನ ರಾಗದಲ್ಲಿ ಹೀಗೆ ಹಾಕಬಹುದು (ಅಲ್ಪವಿರಾಮವೆಂದರೆ ಹಿಂದಿನ ಸ್ವರದ ಮೇಲೆ ಒಂದು ಮಾತ್ರೆಯ ಕಾರ್ವೆ):

ಗ ಪ ದ , ಪ ಗ , ರಿ | ಗ ಪ ಗ ರಿ | ಸ , ರಿ ಸ ||

ಒಂದೇ ವೇಗದಲ್ಲಿ ಏಟು ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 90 ಏಟಿಗಿಟ್ಟು, ತಾಳದ ಒಂದು ಅಕ್ಷರಕ್ಕೆ ಒಂದು ಏಟಿನಂತೆ ಹಾಡಿ. ಇಡೀ ಸಾಲು ಸುಮಾರು 5.3 ಸೆಕೆಂಡಿನಲ್ಲಿ ಮುಗಿಯುತ್ತದೆ, ಒಂದೇ ಉಸಿರು ಸಾಕು. ಕೇಳುವವರಿಗೆ ಅದು ಒಂದು ಹೇಳಿಕೆಯಾಗಿ, ಹೆಚ್ಚು ಕಡಿಮೆ ಹುಡುಗಾಟದ ಮಾತಾಗಿ ತಲುಪುತ್ತದೆ. ಒತ್ತು ಕೊನೆಯ 'ನಿಲ್ಲದು' ಮೇಲೆ ಬೀಳುತ್ತದೆ. 60ಕ್ಕೆ ಇಳಿಸಿ, 8 ಸೆಕೆಂಡಾಯಿತು. ಹೆಚ್ಚಿನವರಿಗೆ ಹಿತವಾಗಿ ಒಂದು ಉಸಿರಿಗೆ ಸಿಗುವುದು ಇಷ್ಟೇ. ಇನ್ನು 45ಕ್ಕೆ ಇಳಿಸಿ, ಸಾಲು 10.7 ಸೆಕೆಂಡಿಗೆ ಹಿಗ್ಗುತ್ತದೆ. ಈಗ ಎಲ್ಲಾದರೂ ಉಸಿರು ತೆಗೆದುಕೊಳ್ಳಲೇಬೇಕು. ಸಹಜವಾಗಿ ಅದು 'ನಿಂತರೂ' ಆದಮೇಲೆ, ಏಳನೆಯ ಮಾತ್ರೆಯ ತುದಿಯಲ್ಲಿ ಬರುತ್ತದೆ. ಅಲ್ಲಿ ಉಸಿರು ಬಿದ್ದೊಡನೆ 'ರೂ' ಎಂಬ ದೀರ್ಘದ ಮೇಲಿನ ಗಾಂಧಾರ (ಗ) ನೇತಾಡುತ್ತದೆ. ಮಳೆ ನಿಂತರೂ... ಆಮೇಲೇನು ಎಂದು ಕೇಳುವವರು ಕಾಯುತ್ತಾರೆ. ಸ್ವರ ಒಂದನ್ನೂ ಬದಲಿಸಿಲ್ಲ, ಸಾಲಿನ ತೂಕ ಮಾತ್ರ ಕೊನೆಯಿಂದ ನಡುವಿಗೆ ಸರಿದಿದೆ. ಕಟ್ಟುವವರ ಮನಸ್ಸು ಭಾರವಾಗಿದ್ದರೆ ಮಟ್ಟು ಬದಲಾಗುವುದು ಮುಖ್ಯವಾಗಿ ಹೀಗೆ: ವೇಗ ಇಳಿಯುತ್ತದೆ, ಉಸಿರು ಸಾಲದೆ ಸಾಲು ಒಡೆಯುತ್ತದೆ, ಒಡೆದ ಜಾಗದಲ್ಲಿ ಅರ್ಥ ಬಂದು ನಿಲ್ಲುತ್ತದೆ.

ಇನ್ನು ಗಾಂಧಾರ. ಮೇಲಿನ ಸಾಲಿನಲ್ಲಿ ಗಾಂಧಾರ ನಾಲ್ಕು ಸಲ ಬರುತ್ತದೆ. ಮೋಹನದ ಅಂತರ ಗಾಂಧಾರವನ್ನು ಒಂದು ಸ್ಥಾನ (ಹಾರ್ಮೋನಿಯಂನ ಒಂದು ಮನೆ) ಇಳಿಸಿ ಸಾಧಾರಣ ಗಾಂಧಾರ ಮಾಡಿದರೆ ಸಾಲು ಶಿವರಂಜನಿ ರಾಗವಾಗುತ್ತದೆ. ಉಳಿದ ಸ್ವರಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ. ರಿಷಭಕ್ಕೂ ಗಾಂಧಾರಕ್ಕೂ ಎರಡು ಸ್ಥಾನವಿದ್ದ ದೂರ ಒಂದಕ್ಕೆ ಇಳಿಯುತ್ತದೆ, ಪಂಚಮದ ಕಡೆಗಿನ ದೂರ ಮೂರರಿಂದ ನಾಲ್ಕಕ್ಕೆ ಏರುತ್ತದೆ. ಗಾಂಧಾರ ಪಂಚಮದಿಂದ ದೂರ ಸರಿದು ರಿಷಭಕ್ಕೆ ಒರಗಿಕೊಂಡಂತೆ ಕೇಳುತ್ತದೆ. 45ರಲ್ಲಿ ಹಾಡಿದರೆ ನೋವು. ಅದನ್ನೇ 90ರಲ್ಲಿ ಹಾಡಿ ನೋಡಿ, ನೋವು ಹಿಂದೆ ಸರಿದು ಕಳವಳ ಮುಂದೆ ಬರುತ್ತದೆ. ಮೋಹನವನ್ನು 45ರಲ್ಲಿ ಹಾಡಿದಾಗ ಬರುವುದು ಒಂದು ಬಗೆಯ ನೆಮ್ಮದಿಯ ನೆನಪು. 'ಈ ರಾಗ ದುಃಖದ್ದು, ಆ ರಾಗ ಸಂತೋಷದ್ದು' ಎಂಬ ಪಟ್ಟಿಗಳನ್ನು ಪೂರ್ತಿ ನಂಬಬಾರದು ಎನ್ನುವುದು ಇದಕ್ಕೇ. ರಾಗ ಅರ್ಧ ಹೇಳುತ್ತದೆ, ಉಳಿದರ್ಧವನ್ನು ಕಾಲಪ್ರಮಾಣ ಹೇಳುತ್ತದೆ.

(ಕರುಣಕ್ಕೆ ಗಾಂಧಾರ, ನಿಷಾದಗಳು ಎಂದು ನಾಟ್ಯಶಾಸ್ತ್ರದಲ್ಲಿ ಇದೆ. ಅಲ್ಲಿ ಮಾತು ಬರುವುದು ಇಂದಿನ ರಾಗಗಳ ಬಗ್ಗೆಯಲ್ಲ, ಅವಕ್ಕೂ ಹಿಂದಿನ ಸ್ವರವ್ಯವಸ್ಥೆಯಾದ ಜಾತಿಗಳ ಬಗ್ಗೆ. ಹಾಗಾಗಿ ಆ ಗಾಂಧಾರವನ್ನು ನಮ್ಮ ಸಾಧಾರಣ ಗಾಂಧಾರಕ್ಕೆ ನೇರವಾಗಿ ಅಂಟಿಸಬಾರದು.)

ಮಾತಿನ ಇಳಿಜಾರು

ಸ್ವರದ ಅಂತರಗಳಿಗೆ ಭಾವದ ಬಣ್ಣ ಎಲ್ಲಿಂದ ಬಂತು? ಮಾತಿನಿಂದ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. 2003ರಲ್ಲಿ ಪ್ಯಾಟ್ರಿಕ್ ಯುಸ್ಲಿನ್ ಮತ್ತು ಪೆಟ್ರಿ ಲೌಕ್ಕಾ ಮಾತಿನ ಮೇಲೆ ನಡೆದ 104 ಅಧ್ಯಯನಗಳನ್ನೂ ಸಂಗೀತ ಪ್ರಸ್ತುತಿಯ ಮೇಲೆ ನಡೆದ 41 ಅಧ್ಯಯನಗಳನ್ನೂ ಒಟ್ಟಿಗೆ ಹೋಲಿಸಿದರು. ಸಿಟ್ಟು, ದುಃಖ, ಸಂತೋಷಗಳನ್ನು ದನಿ ತಿಳಿಸುವ ಬಗೆಯೂ ವಾದ್ಯ ತಿಳಿಸುವ ಬಗೆಯೂ ಬಹುಮಟ್ಟಿಗೆ ಒಂದೇ ಎಂದು ಕಂಡಿತು: ವೇಗ, ಗಾತ್ರ, ಏರಿಳಿತ. 2012ರಲ್ಲಿ ಡೇನಿಯಲ್ ಬೌಲಿಂಗ್ ಮತ್ತು ಸಂಗಡಿಗರು ಪಾಶ್ಚಾತ್ಯ ಸಂಗೀತವನ್ನು ಇಂಗ್ಲಿಷ್ ಮಾತಿನ ಜೊತೆಗೂ ಕರ್ನಾಟಕ ಸಂಗೀತವನ್ನು ತಮಿಳು ಮಾತಿನ ಜೊತೆಗೂ ಇಟ್ಟು ನೋಡಿದರು. ಉಲ್ಲಾಸದ ರಚನೆಗಳಲ್ಲಿ ಸ್ವರದಿಂದ ಸ್ವರಕ್ಕೆ ಜಿಗಿತ ದೊಡ್ಡದು, ಕುಗ್ಗಿದ ಭಾವದ ರಚನೆಗಳಲ್ಲಿ ಚಿಕ್ಕದು. ಎರಡೂ ಭಾಷೆಗಳ ಮಾತಿನಲ್ಲೂ ಅದೇ ಕಂಡಿತು.

ನೋವಿನಲ್ಲಿರುವವರು 'ಏನ್ ಮಾಡೋದು' ಎನ್ನುವುದನ್ನು ಗಮನಿಸಿ. ದನಿ ಹೆಚ್ಚು ಏರುವುದಿಲ್ಲ, ಕೊನೆ ಜಾರುತ್ತದೆ. ಅದೇ ಮಾತನ್ನು ಸಿಟ್ಟಿನಲ್ಲಿ ಕೇಳಿದರೆ 'ಏನ್' ಮೇಲಕ್ಕೆ ಚಿಮ್ಮುತ್ತದೆ. ಮಟ್ಟು ಕಟ್ಟುವವರ ಸ್ವಂತ ಮನಸ್ಥಿತಿ ಅವರ ಮಾತಿನ ಏರಿಳಿತವನ್ನು ಬದಲಿಸುತ್ತದೆ, ಸಾಹಿತ್ಯವನ್ನು ಅವರು ಮನಸ್ಸಿನಲ್ಲೇ ಓದಿಕೊಳ್ಳುವುದು ಆ ಏರಿಳಿತದಲ್ಲಿ, ಸ್ವರ ಕೂರುವುದೂ ಅದರ ಮೇಲೆ.

ಬೇರೆಯವರ ಕವಿತೆಗೆ ರಾಗ ಹಾಕುವಾಗ ಇದು ಇನ್ನೂ ಸ್ಪಷ್ಟ. ಮಂಡ್ಯ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ (1915–2003) ದಾಂಪತ್ಯದ ಕವಿತೆಗಳನ್ನೇ ತೆಗೆದುಕೊಂಡರೆ, ಅಲ್ಲಿ ಕವಿಯ ಮನಸ್ಸು ಒಂದು, ಕವಿತೆಯೊಳಗೆ ಮಾತನಾಡುವ ಗಂಡನದೋ ಹೆಂಡತಿಯದೋ ಮನಸ್ಸು ಇನ್ನೊಂದು, ರಾಗ ಹಾಕುವವರದು ಮೂರನೆಯದು. ಹಾಗಾಗಿಯೇ ಒಂದೇ ಪದ್ಯಕ್ಕೆ ಇಬ್ಬರು ಹಾಕಿದ ಮಟ್ಟು ಬೇರೆಬೇರೆ ಭಾವದ ಕಡೆ ವಾಲುತ್ತದೆ. ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಮಟ್ಟೋ ಸಿ. ಅಶ್ವತ್ಥ್ ಅವರದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಮಟ್ಟನ್ನು 2 ನಿಮಿಷ 30 ಸೆಕೆಂಡಿನ ಮಿತಿಯೊಂದಿಗೆ ಒಪ್ಪಿದ್ದು ಎಲ್ಲರಿಗೂ ನೆನಪಿದೆ. ಪದಗಳು ಒಂದೇ ಆಗಿದ್ದವು.

ಇದಕ್ಕೊಂದು ಅಭ್ಯಾಸವಿದೆ. ಕವಿತೆಯನ್ನು ರಾಗವಿಲ್ಲದೆ ಹತ್ತು ಸಲ ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಐದು ಸಲ ನಿಮಗೆ ಬಂದಂತೆ ಓದಿ, ಐದು ಸಲ ಕವಿತೆಯೊಳಗಿನ ಪಾತ್ರ ಆಡುವಂತೆ ಓದಿ. ಆಮೇಲೆ ಕೇಳುತ್ತಾ, ದನಿ ಏರಿದ ಅಕ್ಷರದ ಮೇಲೆ ಒಂದು ಗೆರೆ, ನಿಂತ ಕಡೆ ಒಂದು ಚುಕ್ಕೆ ಹಾಕಿ. ಮೊದಲ ಐದರ ಗುರುತುಗಳಿಗೂ ಕೊನೆಯ ಐದರ ಗುರುತುಗಳಿಗೂ ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ನಿಮ್ಮ ಮನಸ್ಥಿತಿ ಕವಿತೆಯ ಮೇಲೆ ಕೂತಿದೆ ಎಂದರ್ಥ. ಅದನ್ನು ಅಳಿಸಲೇಬೇಕೆಂದಿಲ್ಲ. ಗೊತ್ತಿದ್ದು ಉಳಿಸಿಕೊಂಡರೆ ಅದು ಆಯ್ಕೆ.

ತೀರ್ಪಿನ ಮೇಲೆ ಆಗುವ ಪರಿಣಾಮ

ವೇಗ, ಸ್ಥಾಯಿಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಇದಕ್ಕಿಂತ ಮುಖ್ಯವಾದದ್ದೊಂದು ಮರೆತುಹೋಗುತ್ತದೆ: ಬಂದದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಪನ್ನೂ ಮನಸ್ಥಿತಿಯೇ ತಿರುಗಿಸುತ್ತದೆ. ಖುಷಿಯಲ್ಲಿರುವ ಮನಸ್ಸು ದೂರದೂರದ್ದನ್ನು ತಂದು ಜೋಡಿಸುತ್ತದೆ, ಬಂದದ್ದನ್ನೆಲ್ಲ ಒಪ್ಪುತ್ತದೆ. ಕುಗ್ಗಿದ ಮನಸ್ಸು ಸಣ್ಣ ವಿವರಗಳ ಮೇಲೆ ನಿಂತು ತಪ್ಪು ಹುಡುಕುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ಮಂದಿ ಜಾಝ್ ಪಿಯಾನೊ ವಾದಕರನ್ನು ಮೆದುಳಿನ ಸ್ಕ್ಯಾನರಿನೊಳಗೆ ಮಲಗಿಸಿ, ಒಬ್ಬ ಹೆಂಗಸಿನ ನಗುವ, ನೋಯುವ, ಎರಡೂ ಅಲ್ಲದ ಮುಖಗಳ ಚಿತ್ರ ತೋರಿಸಿ, ಆ ಭಾವಕ್ಕೆ ತಕ್ಕಂತೆ ಸ್ಥಳದಲ್ಲೇ ನುಡಿಸಲು ಹೇಳಿದರು. ತನ್ನ ಕೆಲಸವನ್ನು ತಾನೇ ಕಾದು ತಿದ್ದುವುದಕ್ಕೆ ಸಂಬಂಧಪಟ್ಟ ಮೆದುಳಿನ ಮುಂಭಾಗದ ಪ್ರದೇಶ, ನಗುವ ಮುಖಕ್ಕೆ ನುಡಿಸುವಾಗ ಹೆಚ್ಚು ಸುಮ್ಮನಾಯಿತು. ಮನೋಧರ್ಮ (ಸ್ಥಳದಲ್ಲೇ ಕಲ್ಪಿಸಿ ಹಾಡುವುದು) ಎಂದು ನಾವು ಕರೆಯುವುದು ಎಲ್ಲ ಭಾವದಲ್ಲೂ ಮೆದುಳಿನ ಒಂದೇ ದಾರಿಯಲ್ಲಿ ನಡೆಯುವುದಿಲ್ಲ ಎಂಬುದು ಇದರಿಂದ ಸಿಗುವ ತಿಳಿವು.

ಕೆಲಸಕ್ಕೆ ಬರುವ ಪಾಠ ಇದರಲ್ಲಿದೆ. ಉಲ್ಲಾಸದ ದಿನ ಸಂಗತಿಗಳನ್ನು, ಎಂದರೆ ಒಂದೇ ಸಾಲಿನ ಬೇರೆಬೇರೆ ಸ್ವರರೂಪಗಳನ್ನು, ಹುಟ್ಟಿಸಿ: ಒಂದು ಪಲ್ಲವಿಗೆ ಹತ್ತು, ಹನ್ನೆರಡು ಬಂದರೂ ಬರಲಿ, ಎಲ್ಲವನ್ನೂ ರೆಕಾರ್ಡ್ ಮಾಡಿಡಿ. ಅಂದೇ ಆರಿಸಬೇಡಿ. ಮನಸ್ಸು ತುಸು ಮಂಕಾಗಿ ಆದರೆ ಸ್ಥಿರವಾಗಿರುವ ದಿನ ಕೂತು ಕತ್ತರಿಸಿ. ಮೂರು ನಾಲ್ಕು ಉಳಿದರೆ ಸಾಕು, ಒಂದೊಂದು ಸಂಗತಿಯೂ ಹಿಂದಿನದಕ್ಕಿಂತ ಒಂದೇ ಜಾಗದಲ್ಲಿ ಬೇರೆಯಾಗಿದ್ದರೆ ಹಾಡುವವರಿಗೂ ಕೇಳುವವರಿಗೂ ದಾರಿ ತಪ್ಪುವುದಿಲ್ಲ. ತಲೆಕೆಳಗು ಮಾಡಿದರೆ ಎರಡೂ ಕೆಡುತ್ತವೆ. ಕುಗ್ಗಿದ ದಿನ ಹುಟ್ಟಿಸಲು ಹೋದರೆ ಮೊದಲ ಸಾಲೇ ಹತ್ತು ಸಲ ಅಳಿಸಿಹೋಗುತ್ತದೆ. ಉಲ್ಲಾಸದ ದಿನ ಆರಿಸಲು ಹೋದರೆ ಒಂದೂ ಬಿಡಲು ಮನಸ್ಸಾಗದೆ ಪಲ್ಲವಿಯೇ ಐದು ನಿಮಿಷವಾಗುತ್ತದೆ.

ಹೀಗೆ ಎರಡು ಸಲ ಕೂತು ಕೆಲಸ ಮಾಡುವವರಿಗೆ ಒಂದು ಪುಸ್ತಕ ಬೇಕು. ಪ್ರತಿ ಸಲ ಕೂರುವ ಮುನ್ನ ದಿನಾಂಕ, ಹೊತ್ತು, ಶ್ರುತಿ, ಜೊತೆಗೆ ಎರಡು ಅಂಕಿ ಬರೆಯಿರಿ: ಹಿತ ಎಷ್ಟು, ಚುರುಕು ಎಷ್ಟು, ಎರಡಕ್ಕೂ ಮೈನಸ್ 3ರಿಂದ ಪ್ಲಸ್ 3ರವರೆಗೆ. ಸಾಲು ಬಂದ ಕೂಡಲೇ ಮೆಟ್ರೊನೋಮಿನಲ್ಲಿ ಅದರ ವೇಗ ಅಳೆದು ಬರೆಯಿರಿ. ಇದನ್ನು ಬಿಟ್ಟವರಿಗೆ ಮಾರನೆಯ ದಿನ ಕಷ್ಟ. ನಿನ್ನೆ ಎದೆ ಓಡುತ್ತಿದ್ದಾಗ 84ರಲ್ಲಿ ಹುಟ್ಟಿದ ಸಾಲನ್ನು ಇಂದು ತಣ್ಣಗೆ 66ರಲ್ಲಿ ಹಾಡಿ, 'ಇದರಲ್ಲಿ ಏನೂ ಇಲ್ಲ' ಎಂದು ಹರಿದು ಹಾಕುತ್ತಾರೆ. ಕೆಟ್ಟಿದ್ದು ಕಾಲಪ್ರಮಾಣ, ಶಿಕ್ಷೆ ಸ್ವರಕ್ಕೆ. ಮೊದಲ ರೆಕಾರ್ಡಿಂಗ್ ಆದ ಮೇಲೆ ಕನಿಷ್ಠ ಮೂರು ದಿನ ಅದನ್ನು ಕೇಳದೆ ಇಡುವುದು ಒಳ್ಳೆಯದು. ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ: ವೇಗ ಬದಲಿಸಿದರೆ ರಾಗ ಮುಟ್ಟಬೇಡಿ, ಎತ್ತುಗಡೆ (ತಾಳದಲ್ಲಿ ಸಾಲು ಶುರುವಾಗುವ ಜಾಗ) ಸರಿಸಿದರೆ ವೇಗ ಮುಟ್ಟಬೇಡಿ.

ಇಪ್ಪತ್ತು ಮೂವತ್ತು ಸಾಲುಗಳು ಸೇರಿದ ಮೇಲೆ ಪುಸ್ತಕ ತಿರುವಿದರೆ ನಿಮ್ಮದೇ ಜಾಡು ಕಾಣುತ್ತದೆ. ಚುರುಕು ಮೈನಸ್ ಇದ್ದಾಗಲೆಲ್ಲ ಸಾಲುಗಳು ಷಡ್ಜ–ಗಾಂಧಾರದ ನಡುವೆಯೇ ಸುತ್ತಿವೆಯೇ? ಪ್ರತಿ ಸಾಲೂ ಇಳಿದೇ ಮುಗಿದಿದೆಯೇ? ಜಿಗಿತಗಳು ಚಿಕ್ಕದಾಗಿವೆಯೇ? ಎಣಿಸುವುದು ಸುಲಭ. ಮೇಲಿನ ಮೋಹನದ ಸಾಲಿನಲ್ಲಿ ಸ್ವರದಿಂದ ಸ್ವರಕ್ಕೆ 12 ಹೆಜ್ಜೆ, ಒಟ್ಟು 28 ಸ್ಥಾನ. ಹೆಜ್ಜೆಗೆ ಎರಡಕ್ಕಿಂತ ತುಸು ಹೆಚ್ಚು. ಕುಗ್ಗಿದ ದಿನದ ಸಾಲುಗಳಲ್ಲಿ ಈ ಅಂಕಿ ಇಳಿದಿದೆಯೇ ನೋಡಿ.

ಎಲ್ಲೆಲ್ಲಿ ಎಡವುತ್ತೇವೆ

ಸಿಟ್ಟಿನಲ್ಲಿ ಕಟ್ಟಿದ ಹಾಡು ಪಲ್ಲವಿಯಲ್ಲೇ ತಾರ ಸ್ಥಾಯಿಗೆ ಹಾರಿರುತ್ತದೆ. ಪಲ್ಲವಿಯ ನಂತರ ಬರುವ ಅನುಪಲ್ಲವಿಗೆ ಏರಲು ಜಾಗವೇ ಉಳಿದಿರುವುದಿಲ್ಲ, ಹಾಡುವವರ ಗಂಟಲು ಚರಣದ ಹೊತ್ತಿಗೆ ಬಿದ್ದಿರುತ್ತದೆ. ಅಂಥ ಸಾಲನ್ನು ಎಸೆಯಬೇಡಿ, ಕೆಳಗಿಳಿಸಿ ಸಪ್ಪೆ ಮಾಡಲೂ ಬೇಡಿ. ಅದನ್ನೇ ಅನುಪಲ್ಲವಿಯ ಜಾಗಕ್ಕೆ ಒಯ್ದು, ಅದಕ್ಕೆ ಹತ್ತಿಸುವ ಹೊಸ ಪಲ್ಲವಿಯನ್ನು ಮಧ್ಯ ಸ್ಥಾಯಿಯಲ್ಲಿ ಕಟ್ಟಿ. ಸಿಟ್ಟಿನ ಇನ್ನೊಂದು ಗುರುತು ಗಮಕ ಉದುರಿಹೋಗುವುದು. ಸ್ವರಗಳು ಸುತ್ತಿಗೆ ಏಟಿನಂತೆ ಬೀಳುತ್ತವೆ, ಒತ್ತಕ್ಷರಗಳೆಲ್ಲ ತಾಳದ ಏಟಿನ ಮೇಲೆಯೇ ಕೂತಿರುತ್ತವೆ. ರಂಗಗೀತೆಗೆ ಇದು ಒಪ್ಪಬಹುದು, ಕೃತಿಗೆ ಒಪ್ಪುವುದು ಕಷ್ಟ.

ದಿಗಿಲಿನಲ್ಲಿರುವವರು ಮುಗಿಸುವುದಿಲ್ಲ. ಬೆಳಿಗ್ಗೆ ಖರಹರಪ್ರಿಯ ರಾಗ, ಮಧ್ಯಾಹ್ನ ಆಭೇರಿ, ಸಂಜೆಗೆ ಮತ್ತೆ ಬೇರೇನೋ. ರಾಗ, ತಾಳ, ವೇಗ ಮೂರನ್ನೂ ಕಾಗದದ ಮೇಲೆ ಬರೆದು ಒಂದು ವಾರ ಮುಟ್ಟದೆ ಇಟ್ಟರೆ ಕೆಲಸ ನಡೆಯುತ್ತದೆ. ಹೊರಗಿನಿಂದ ಬಂದ ಲಯ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ಮಂಡ್ಯದ ಹಳ್ಳಿಗಳಲ್ಲಿ ರಾಗಿ ಬೀಸುತ್ತಿದ್ದ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. ತವರಿನ ನೆನಪು ಎಷ್ಟೇ ಕಾಡಿದರೂ ಪದದ ವೇಗವನ್ನು ಕಲ್ಲು ನಿರ್ಧರಿಸುತ್ತಿತ್ತು, ತೋಳು ಸುತ್ತುವಷ್ಟೇ ವೇಗ. ನೋವು ಬಂದು ಕೂರುತ್ತಿದ್ದದ್ದು ಮಾತಿನಲ್ಲಿ, ಸಾಲಿನ ಕೊನೆಯಲ್ಲಿ ಎಳೆದ ಸ್ವರದಲ್ಲಿ.

ದುಃಖದ ಹಾಡು ಎಡವುವುದು ಹೆಚ್ಚಾಗಿ ಶಾಂತದ ಹಾಡಿನ ಜೊತೆ ಬೆರೆತು. ಎರಡೂ ನಿಧಾನ, ಎರಡೂ ಮೆಲುದನಿ. 1999ರಲ್ಲಿ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಹಿಂದೂಸ್ತಾನಿ ರಾಗಗಳ ತುಣುಕುಗಳನ್ನು ಆ ಸಂಗೀತದ ಪರಿಚಯವೇ ಇಲ್ಲದ ಕೆನಡಾದ ಕೇಳುಗರಿಗೆ ಕೇಳಿಸಿದರು. ಸಂತೋಷ, ದುಃಖ, ಸಿಟ್ಟನ್ನು ಅವರು ಗುರುತಿಸಿದರು, ಶಾಂತವನ್ನು ಸರಿಯಾಗಿ ಗುರುತಿಸಲಾಗಲಿಲ್ಲ. ಬೇರ್ಪಡಿಸುವ ಕೆಲಸವನ್ನು ಕಟ್ಟುವವರೇ ಮಾಡಬೇಕು. ಶಾಂತ ಬೇಕಿದ್ದರೆ ಸಾಲು ಷಡ್ಜ, ಪಂಚಮದಂಥ ಗಟ್ಟಿ ಸ್ವರದಲ್ಲಿ ನಿಲ್ಲಲಿ, ಕಾರ್ವೆಗಳು ಸಮ ಅಳತೆಯಲ್ಲಿರಲಿ, ಉಸಿರಿನ ಜಾಗ ಪ್ರತಿ ಆವರ್ತದಲ್ಲೂ ಒಂದೇ ಕಡೆ ಬರಲಿ. ದುಃಖ ಬೇಕಿದ್ದರೆ ರಿಷಭದಲ್ಲೋ ನಿಷಾದದಲ್ಲೋ ಸಾಲನ್ನು ತುಸು ತೂಗಬಿಡಿ, ಇಳಿಜಾರು ಗಮಕ ಇರಲಿ, ಒಂದು ಕಾರ್ವೆ ಉದ್ದ ಒಂದು ಗಿಡ್ಡ ಇರಲಿ. ಎತ್ತುಗಡೆಯನ್ನು ತಾಳದ ಮೊದಲ ಏಟಿಗೆ ಇಡದೆ ಅರ್ಧ ಅಕ್ಷರ ಬಿಟ್ಟು ತೆಗೆದುಕೊಂಡರೆ, ಹಾಡು ಶುರುವಾಗುವ ಮುನ್ನವೇ ಒಂದು ಉಸಿರು ಕೇಳಿದಂತಾಗುತ್ತದೆ.

ಇವೆಲ್ಲದರ ನಡುವೆ ಒಂದು ತಪ್ಪು ನಂಬಿಕೆ ಬಹಳ ಜನರಿಗೆ ಕೇಡು ಮಾಡಿದೆ: ನೊಂದರೆ ಮಾತ್ರ ದೊಡ್ಡ ಸಂಗೀತ ಬರುತ್ತದೆ ಎಂಬುದು. ಮೊಜಾರ್ಟ್, ಬೀಥೋವನ್, ಲಿಸ್ಟ್ ಮೂವರ ಸುಮಾರು 1,400 ಪತ್ರಗಳನ್ನು ಅರ್ಥಶಾಸ್ತ್ರಜ್ಞ ಕರೋಲ್ ಬೊರೊವೀಕಿ ವಿಶ್ಲೇಷಿಸಿ 2017ರಲ್ಲಿ ಪ್ರಕಟಿಸಿದಾಗ, ದುಃಖದ ಮಾತು ಹೆಚ್ಚಾದ ಕಾಲದ ಬೆನ್ನಲ್ಲೇ ರಚನೆಗಳೂ ಹೆಚ್ಚಿದ್ದು ಕಂಡಿದ್ದು ನಿಜ. ಆದರೆ ಅದು ಮೂವರು ಅಸಾಧಾರಣರ, ಪತ್ರ ಬರೆಯುವಷ್ಟು ಚೈತನ್ಯ ಉಳಿದಿದ್ದ ದಿನಗಳ ಲೆಕ್ಕ. ದುಃಖ ಬೇರೆ, ಖಿನ್ನತೆ ಬೇರೆ. ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು ಕೆಟ್ಟು, ತಂಬೂರಿಯ ನಾದವೂ ಬೇಡವೆನಿಸಿದರೆ ಅದು ಮಟ್ಟು ಕಟ್ಟುವ ಸ್ಥಿತಿಯಲ್ಲ, ವೈದ್ಯರನ್ನು ಕಾಣಬೇಕಾದ ಸ್ಥಿತಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಬೇರೆಯವರ ಗಂಟಲಿನಲ್ಲಿ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದರು. ರೇಡಿಯೊ ಮುಂದೆ ಕೂತವರಿಗೆ ಹಾಡುವವರ ಮುಖ ಕಾಣುವುದಿಲ್ಲ, ಒದ್ದೆ ಕಣ್ಣು ಕಾಣುವುದಿಲ್ಲ, ಕಟ್ಟಿದವರ ಕಥೆ ಗೊತ್ತಿರುವುದಿಲ್ಲ. ತಲುಪುವುದು ಸ್ವರ, ಲಯ, ಗಮಕ, ಮಾತು ಮಾತ್ರ. ಮಟ್ಟಿಗೆ ನಾವು ಇಡುವ ಕೊನೆಯ ಪರೀಕ್ಷೆಯೂ ಇದೇ ಬಗೆಯದು.

ಸ್ವರಲಿಪಿ, ವೇಗದ ಅಂಕಿ, ಸಾಹಿತ್ಯ ಮೂರನ್ನೇ ಬರೆದು ಬೇರೊಬ್ಬರ ಕೈಗೆ ಕೊಡಿ. ನಿಮ್ಮ ರೆಕಾರ್ಡಿಂಗ್ ಕೇಳಿಸಬೇಡಿ, ಯಾವ ಹೊತ್ತಿನಲ್ಲಿ ಕಟ್ಟಿದ್ದು ಎಂದು ಹೇಳಬೇಡಿ. ನೀವು ಹಾರ್ಮೋನಿಯಂನ ಒಂದನೆಯ ಮನೆಯ ಶ್ರುತಿಯ ಗಂಡಸಾದರೆ ಅದಕ್ಕಿಂತ ಎತ್ತರದ ಐದರ ಶ್ರುತಿಯ ಹೆಂಗಸೊಬ್ಬರಿಂದ ಹಾಡಿಸಿದರೆ ಇನ್ನೂ ಒಳ್ಳೆಯದು, ನಿಮ್ಮ ಗಂಟಲಿನ ಅಭ್ಯಾಸಗಳೆಲ್ಲ ಕಳಚಿಬೀಳುತ್ತವೆ. ಅವರು ಹಾಡಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಈ ಸಾಲನ್ನು ಹೇಳುತ್ತಿರುವವರ ಮನಸ್ಸು ಹೇಗಿದೆ? ಅವರ ಉತ್ತರ ನೀವು ಹೇಳಹೊರಟಿದ್ದಕ್ಕೆ ಹತ್ತಿರವಿದ್ದರೆ ಭಾವ ಮಟ್ಟಿನೊಳಗೆ ಬಂದಿದೆ. ಇಲ್ಲವಾದರೆ ಅದು ನಿಮ್ಮ ಉಸಿರಿನಲ್ಲಿತ್ತು, ಹಾಳೆಗೆ ಇಳಿಯಲಿಲ್ಲ. ಆಗ ನಿಮ್ಮ ಹಳೆಯ ರೆಕಾರ್ಡಿಂಗನ್ನೂ ಅವರು ಹಾಡಿದ್ದನ್ನೂ ಒಂದರ ಹಿಂದೆ ಒಂದು ಕೇಳಿ. ಬಹಳ ಸಲ ವ್ಯತ್ಯಾಸ ಒಂದೇ ಕಡೆ ಸಿಗುತ್ತದೆ: 'ನಿಂತರೂ' ಎಂಬಲ್ಲಿ ನೀವು ಗಾಂಧಾರವನ್ನು ಇನ್ನೊಂದು ಮಾತ್ರೆ ಹಿಡಿದಿರುತ್ತೀರಿ, ಬರೆಯುವಾಗ ಅದನ್ನು ಬಿಟ್ಟಿರುತ್ತೀರಿ. ಆ ಅಲ್ಪವಿರಾಮವನ್ನು ಹಾಳೆಯ ಮೇಲೆ ಹಾಕಿ, ಮತ್ತೊಮ್ಮೆ ಹಾಡಿಸಿ.